ಅರಣ್ಯ ಮಣ್ಣಿನ ಇಂಗಾಲ

ಅರಣ್ಯ ಮಣ್ಣಿನ ಇಂಗಾಲ ಎಂದರೆ ಕಾಡಿನ ನೆಲದಲ್ಲಿ ಸಾವಯವ ಮತ್ತು ನಿರವಯವ ರೂಪಗಳಲ್ಲಿ ಸಂಗ್ರಹವಾಗಿರುವ ಇಂಗಾಲ. ಕೊಳೆತ ಎಲೆ, ಸತ್ತ ಬೇರು, ಶಿಲೀಂಧ್ರಗಳ ಎಳೆ, ಸೂಕ್ಷ್ಮಜೀವಿಗಳ ಅವಶೇಷ ಹಾಗೂ ಇದ್ದಿಲಿನ ಚೂರುಗಳಲ್ಲಿರುವುದು ಸಾವಯವ ಇಂಗಾಲ. ಮಳೆ ಕಡಿಮೆಯಿರುವ ಪ್ರದೇಶಗಳ ಮಣ್ಣಿನಲ್ಲಿ ಸುಣ್ಣದ ಹರಳುಗಳಾಗಿ ಕಾಣಿಸುವುದು ನಿರವಯವ ಇಂಗಾಲ. ಮಣ್ಣು ನೀರನ್ನು ಹೀರುವ ಶಕ್ತಿ, ಗಿಡಗಳಿಗೆ ಪೋಷಕಾಂಶ ಒದಗುವ ಕ್ರಮ, ನೆಲದೊಳಗಿನ ಜೀವಿಗಳ ಆಹಾರ, ಕಾಡು ತಾನಾಗಿಯೇ ಮರುಹುಟ್ಟು ಪಡೆಯುವ ಸಾಮರ್ಥ್ಯ ಇವೆಲ್ಲವೂ ಮುಖ್ಯವಾಗಿ ಸಾವಯವ ಇಂಗಾಲವನ್ನು ಅವಲಂಬಿಸಿವೆ.

ಕಾಡಿನ ಇಂಗಾಲವೆಂದರೆ ಮರದ ಕಾಂಡ ಮತ್ತು ಕೊಂಬೆಗಳಲ್ಲಿರುವ ಇಂಗಾಲ ಎಂಬ ಭಾವನೆ ಸಾಮಾನ್ಯ. ಆದರೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಜಾಗತಿಕ ಅರಣ್ಯ ಮೌಲ್ಯಮಾಪನದ ಪ್ರಕಾರ, ಪ್ರಪಂಚದ ಕಾಡುಗಳಲ್ಲಿರುವ ಸುಮಾರು 662 ಶತಕೋಟಿ ಟನ್ ಇಂಗಾಲದಲ್ಲಿ ಶೇ. 44ರಷ್ಟು ಜೀವಂತ ಗಿಡಮರಗಳಲ್ಲಿದ್ದರೆ, ಶೇ. 45ರಷ್ಟು ಮಣ್ಣಿನ ಸಾವಯವ ವಸ್ತುವಿನಲ್ಲಿದೆ. ಉಳಿದದ್ದು ಬಿದ್ದ ಮರ ಮತ್ತು ತರಗೆಲೆಯಲ್ಲಿದೆ. ಭಾರತದ ಮಟ್ಟಿಗೆ ಮಣ್ಣಿನ ಪಾಲು ಇನ್ನೂ ದೊಡ್ಡದು. ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆಯ 2021ರ ವರದಿಯು ದೇಶದ ಕಾಡುಗಳಲ್ಲಿ 7,204 ದಶಲಕ್ಷ ಟನ್ ಇಂಗಾಲವಿದೆ ಎಂದು ಅಂದಾಜಿಸಿದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮಣ್ಣಿನಲ್ಲಿಯೇ ಇದೆ.

ಇಂಗಾಲ ಮಣ್ಣಿಗೆ ಸೇರುವ ಬಗೆ

ಗಿಡಗಳು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ದ್ಯುತಿಸಂಶ್ಲೇಷಣೆಯ ಮೂಲಕ ಸಕ್ಕರೆಯಾಗಿ ಮಾರ್ಪಡಿಸುತ್ತವೆ. ಈ ಸಕ್ಕರೆಯ ಒಂದು ಭಾಗ ಎಲೆ ಮತ್ತು ಮರವಾಗಿ ಬೆಳೆಯುತ್ತದೆ. ಇನ್ನೊಂದು ಭಾಗ ಬೇರಿನ ಮೂಲಕ ನೆಲಕ್ಕಿಳಿಯುತ್ತದೆ. ಎಲೆ ಉದುರಿ ಕೊಳೆಯುವುದು ಕಣ್ಣಿಗೆ ಕಾಣುವ ದಾರಿ. ಬೇರುಗಳು ಸಾಯುವುದು ಮತ್ತು ಜೀವಂತ ಬೇರುಗಳಿಂದ ಸಕ್ಕರೆ, ಸಾವಯವ ಆಮ್ಲಗಳು ಸ್ರವಿಸುವುದು ಕಾಣದ ದಾರಿ. ಮಣ್ಣಿನಲ್ಲಿ ಬಹುಕಾಲ ಉಳಿಯುವ ಇಂಗಾಲದಲ್ಲಿ ಬೇರಿನಿಂದ ಬಂದದ್ದರ ಪಾಲು ಎಲೆಯಿಂದ ಬಂದದ್ದಕ್ಕಿಂತ ಹೆಚ್ಚು ಎಂದು ಇತ್ತೀಚಿನ ದಶಕಗಳ ಸಂಶೋಧನೆ ತೋರಿಸಿದೆ. ಬೇರು ಸಾಯುವುದು ಮಣ್ಣಿನ ಕಣಗಳ ನಡುವೆಯೇ ಆಗಿರುವುದು ಇದಕ್ಕೆ ಒಂದು ಕಾರಣ.

ಬಹುಪಾಲು ಮರಗಳ ಬೇರುಗಳಿಗೆ ಶಿಲೀಂಧ್ರಗಳೊಡನೆ ಸಹಜೀವನವಿದೆ. ಬೇರು ತಲುಪಲಾರದ ಸೂಕ್ಷ್ಮ ರಂಧ್ರಗಳಿಂದ ಶಿಲೀಂಧ್ರವು ರಂಜಕವನ್ನೂ ನೀರನ್ನೂ ತಂದು ಮರಕ್ಕೆ ಕೊಡುತ್ತದೆ, ಬದಲಿಗೆ ಸಕ್ಕರೆಯನ್ನು ಪಡೆಯುತ್ತದೆ. ಈ ಎಳೆಗಳು ಮಣ್ಣಿನ ಕಣಗಳನ್ನು ಹೆಣೆದು ಸಣ್ಣ ಸಣ್ಣ ಉಂಡೆಗಳನ್ನಾಗಿಸುತ್ತವೆ. ಉಂಡೆಯೊಳಗೆ ಸಿಕ್ಕಿಕೊಂಡ ಸಾವಯವ ವಸ್ತುವಿಗೆ ಗಾಳಿಯೂ ಬ್ಯಾಕ್ಟೀರಿಯಾಗಳೂ ಸುಲಭವಾಗಿ ತಲುಪುವುದಿಲ್ಲ.

ತರಗೆಲೆಯನ್ನು ಒಡೆಯುವ ಕೆಲಸ ಮಲೆನಾಡಿನಲ್ಲಿ ಮುಖ್ಯವಾಗಿ ಶಿಲೀಂಧ್ರ, ಎರೆಹುಳು, ಸಹಸ್ರಪದಿಗಳದ್ದು, ಒಣನಾಡಿನಲ್ಲಿ ಗೆದ್ದಲಿನದ್ದು. ಬಯಲುಸೀಮೆಯ ಕುರುಚಲು ಕಾಡಿನಲ್ಲಿ ಬೇಸಿಗೆಯ ಕೊನೆಗೆ ನೆಲದ ಮೇಲೆ ತರಗೆಲೆಯೇ ಉಳಿದಿರುವುದಿಲ್ಲ. ಅದು ಕೊಳೆತು ಹೋಗಿರುವುದಿಲ್ಲ, ಬಹುಪಾಲು ಹುತ್ತಗಳ ಒಳಗೆ ಸೇರಿರುತ್ತದೆ.

ಕೊಳೆಯುವ ವೇಗವನ್ನು ಎಲೆಯ ಗುಣವೂ ನಿರ್ಧರಿಸುತ್ತದೆ. ಸೂಕ್ಷ್ಮಜೀವಿಗಳ ದೇಹದಲ್ಲಿ ಒಂದು ಪಾಲು ಸಾರಜನಕಕ್ಕೆ ಸುಮಾರು ಎಂಟು ಪಾಲು ಇಂಗಾಲವಿರುತ್ತದೆ. ಉಸಿರಾಟಕ್ಕೆ ಬೇಕಾದುದನ್ನೂ ಸೇರಿಸಿದರೆ ಅವುಗಳಿಗೆ ಸುಮಾರು 25ಕ್ಕೆ 1ರ ಅನುಪಾತದ ಆಹಾರ ಹಿತಕರ. ಹೊಂಗೆಯಂತಹ ದ್ವಿದಳ ಜಾತಿಯ ಎಲೆಗಳು ಈ ಅನುಪಾತಕ್ಕೆ ಹತ್ತಿರವಾಗಿರುವುದರಿಂದ ಬೇಗ ಕೊಳೆಯುತ್ತವೆ. ಒಣಹುಲ್ಲು, ಮರದ ತೊಗಟೆ, ಲಿಗ್ನಿನ್ ಹೆಚ್ಚಿರುವ ಗಡಸು ಎಲೆಗಳು ನಿಧಾನವಾಗಿ ಕೊಳೆಯುತ್ತವೆ. ಅವು ಕೊಳೆಯುವಾಗ ಜೀವಿಗಳು ಮಣ್ಣಿನಲ್ಲಿದ್ದ ಸಾರಜನಕವನ್ನೇ ಸ್ವಲ್ಪ ಕಾಲ ಹಿಡಿದಿಟ್ಟುಕೊಳ್ಳುತ್ತವೆ.

ಉಳಿಯುವ ಇಂಗಾಲ, ಹೋಗುವ ಇಂಗಾಲ

ಮಣ್ಣಿಗೆ ಬಂದ ಇಂಗಾಲದ ಬಹುಪಾಲು ಕೆಲವೇ ವರ್ಷಗಳಲ್ಲಿ ಸೂಕ್ಷ್ಮಜೀವಿಗಳ ಉಸಿರಾಗಿ ಗಾಳಿಗೆ ಮರಳುತ್ತದೆ. ಉಳಿಯುವ ಸ್ವಲ್ಪ ಭಾಗವನ್ನು ವಿಜ್ಞಾನಿಗಳು ಸ್ಥೂಲವಾಗಿ ಎರಡಾಗಿ ನೋಡುತ್ತಾರೆ. ಅರೆಕೊಳೆತ ಎಲೆ ಮತ್ತು ಬೇರಿನ ಚೂರುಗಳು ಒಂದು ಬಗೆ. ಇವು ಕೆಲವು ವರ್ಷಗಳಿಂದ ಕೆಲವು ದಶಕಗಳವರೆಗೆ ಇರುತ್ತವೆ. ಜೇಡಿಕಣಗಳ ಅಥವಾ ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳ ಮೇಲ್ಮೈಗೆ ರಾಸಾಯನಿಕವಾಗಿ ಅಂಟಿಕೊಂಡ ಸೂಕ್ಷ್ಮ ಅಣುಗಳು ಇನ್ನೊಂದು ಬಗೆ. ಇವು ಶತಮಾನಗಳ ಕಾಲ ಉಳಿಯಬಲ್ಲವು. ಹ್ಯೂಮಸ್ ಎಂಬ ವಿಶೇಷವಾದ, ಕೊಳೆಯದ ಪದಾರ್ಥವೊಂದು ಮಣ್ಣಿನಲ್ಲಿ ತಯಾರಾಗುತ್ತದೆ ಎಂಬ ಹಳೆಯ ವಿವರಣೆ ಪಠ್ಯಪುಸ್ತಕಗಳಲ್ಲಿ ಈಗಲೂ ಇದೆ. ಆದರೆ ಇಂಗಾಲ ಉಳಿಯುವುದು ಅದರ ಸ್ವಂತ ಗಡಸುತನದಿಂದ ಅಷ್ಟಾಗಿ ಅಲ್ಲ, ಅದು ಎಲ್ಲಿ ಯಾವುದಕ್ಕೆ ಅಂಟಿಕೊಂಡಿದೆ ಎಂಬುದರಿಂದ ಎಂಬ ಅಭಿಪ್ರಾಯಕ್ಕೆ ಈಗ ಹೆಚ್ಚು ಮನ್ನಣೆಯಿದೆ.

ಈ ಕಾರಣದಿಂದಲೇ ಮಣ್ಣಿನ ಬಣ್ಣವನ್ನು ನೋಡಿ ಇಂಗಾಲವನ್ನು ಊಹಿಸುವುದು ಕರ್ನಾಟಕದಲ್ಲಿ ಮೋಸದ ದಾರಿ. ಯಲಬುರ್ಗಾ, ಕುಷ್ಟಗಿ ಸೀಮೆಯ ಎರೆಮಣ್ಣು ಕಡುಕಪ್ಪಾಗಿದ್ದರೂ ಅದರಲ್ಲಿ ಸಾವಯವ ಇಂಗಾಲ ಸಾಮಾನ್ಯವಾಗಿ ಕಡಿಮೆ. ಉಬ್ಬುವ ಜೇಡಿಖನಿಜಗಳು ಅಲ್ಪಪ್ರಮಾಣದ ಸಾವಯವ ವಸ್ತುವಿನೊಡನೆ ಬೆರೆತಾಗಲೂ ಮಣ್ಣಿಗೆ ಗಾಢ ಬಣ್ಣ ಬರುತ್ತದೆ. ಮಲೆನಾಡಿನ ಕಾಡಿನ ಕೆಂಪುಮಣ್ಣು ನೋಡಲು ಸಾರವಿಲ್ಲದಂತೆ ಕಂಡರೂ ಅದರಲ್ಲಿರುವ ಕಬ್ಬಿಣದ ಆಕ್ಸೈಡುಗಳು ಇಂಗಾಲವನ್ನು ಬಿಗಿಯಾಗಿ ಹಿಡಿದಿರುತ್ತವೆ. ಎರಡನ್ನೂ ಪ್ರಯೋಗಾಲಯದಲ್ಲಿ ಪರೀಕ್ಷಿಸಿದರೆ ಕೆಂಪುಮಣ್ಣೇ ಮುಂದಿರುವುದು ವಾಡಿಕೆ.

ಅಳತೆ

ಭಾರತದ ಮಣ್ಣು ಪರೀಕ್ಷಾ ಕೇಂದ್ರಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು 1934ರಲ್ಲಿ ವಾಕ್ಲಿ ಮತ್ತು ಬ್ಲ್ಯಾಕ್ ಪ್ರಕಟಿಸಿದ ವಿಧಾನ. ಇದರಲ್ಲಿ ಪೊಟ್ಯಾಸಿಯಂ ಡೈಕ್ರೋಮೇಟ್ ಮತ್ತು ಗಂಧಕಾಮ್ಲದಿಂದ ಸಾವಯವ ವಸ್ತುವನ್ನು ಉತ್ಕರ್ಷಿಸಿ, ಖರ್ಚಾದ ಡೈಕ್ರೋಮೇಟಿನ ಪ್ರಮಾಣದಿಂದ ಇಂಗಾಲವನ್ನು ಲೆಕ್ಕ ಹಾಕುತ್ತಾರೆ. ಬಂದ ಫಲಿತಾಂಶ ಶೇ. 0.5ಕ್ಕಿಂತ ಕಡಿಮೆಯಿದ್ದರೆ ಕಡಿಮೆ, 0.5ರಿಂದ 0.75ರವರೆಗೆ ಮಧ್ಯಮ, ಅದಕ್ಕೂ ಮೇಲಿದ್ದರೆ ಅಧಿಕ ಎಂದು ವರ್ಗೀಕರಿಸುವುದು ರೂಢಿ. ರೈತರಿಗೆ ಕೊಡುವ ಮಣ್ಣು ಆರೋಗ್ಯ ಚೀಟಿಯಲ್ಲಿ ಕಾಣುವುದು ಈ ವರ್ಗೀಕರಣವೇ. ಇದು ಹೊಲಗಳಿಗಾಗಿ ರೂಪಿಸಿದ ಮಾನದಂಡ; ದಟ್ಟ ಕಾಡಿನ ಮೇಲ್ಮಣ್ಣಿಗೆ ಇದನ್ನು ಅನ್ವಯಿಸಿದರೆ ಬಹುತೇಕ ಎಲ್ಲವೂ ಅಧಿಕವೇ ಆಗಿಬಿಡುವುದರಿಂದ ಅಲ್ಲಿ ಇದರ ಉಪಯೋಗ ಕಡಿಮೆ.

ಶೇಕಡಾವಾರು ಪ್ರಮಾಣವೊಂದರಿಂದ ಒಟ್ಟು ಸಂಗ್ರಹ ತಿಳಿಯುವುದಿಲ್ಲ. ಮಣ್ಣಿನ ಆಳ, ಸಾಂದ್ರತೆ, ಕಲ್ಲಿನ ಪಾಲು ಇವೂ ಬೇಕು. ಉದಾಹರಣೆಗೆ, ಒಂದು ಹೆಕ್ಟೇರಿನಲ್ಲಿ 30 ಸೆಂ.ಮೀ. ಆಳದವರೆಗಿನ ಮಣ್ಣಿನ ಗಾತ್ರ 3,000 ಘನಮೀಟರ್. ಪ್ರತಿ ಘನಮೀಟರ್ ಮಣ್ಣು 1.3 ಟನ್ ತೂಗಿದರೆ ಒಟ್ಟು 3,900 ಟನ್ ಮಣ್ಣಾಯಿತು. ಅದರಲ್ಲಿ ಶೇ. 1ರಷ್ಟು ಇಂಗಾಲವಿದ್ದರೆ ಸಂಗ್ರಹ 39 ಟನ್. ಗಾತ್ರದ ಐದನೆಯ ಒಂದು ಭಾಗ ಕಲ್ಲೇ ಆಗಿದ್ದರೆ ಇದು ಸುಮಾರು 31 ಟನ್ನಿಗೆ ಇಳಿಯುತ್ತದೆ. ಗುಡ್ಡಬೆಟ್ಟಗಳ ಮಣ್ಣಿನಲ್ಲಿ ಕಲ್ಲಿನ ಲೆಕ್ಕವನ್ನು ಬಿಟ್ಟರೆ ಅಂದಾಜು ಬಹಳ ಏರುಪೇರಾಗುತ್ತದೆ. ಒಂದು ಟನ್ ಇಂಗಾಲ ಗಾಳಿಗೆ ಸೇರಿದರೆ 3.67 ಟನ್ ಇಂಗಾಲದ ಡೈಆಕ್ಸೈಡ್ ಆಗುತ್ತದೆ ಎಂಬುದನ್ನೂ ಗಮನಿಸಬೇಕು. ವರದಿಗಳಲ್ಲಿ ಈ ಎರಡು ಏಕಮಾನಗಳು ಕಲಸಿಹೋಗುವುದುಂಟು.

ಕಾಡಿನ ಆರೋಗ್ಯದಲ್ಲಿ ಇದರ ಪಾತ್ರ

ಮಲೆನಾಡಿನಂತಹ ಭಾರೀ ಮಳೆಯ ನಾಡಿನಲ್ಲಿ ಸಾವಿರಾರು ವರ್ಷಗಳ ಮಳೆಯು ಮಣ್ಣಿನ ಖನಿಜಗಳಲ್ಲಿದ್ದ ಸುಣ್ಣ, ಪೊಟ್ಯಾಸಿಯಂ, ಮೆಗ್ನೀಸಿಯಂಗಳನ್ನು ತೊಳೆದುಬಿಟ್ಟಿದೆ. ಉಳಿದಿರುವ ಕೆಯೋಲಿನೈಟ್ ಜೇಡಿಗೆ ಪೋಷಕಾಂಶಗಳನ್ನು ಹಿಡಿದಿಡುವ ಶಕ್ತಿ ತೀರ ಕಡಿಮೆ. ಸಾವಯವ ವಸ್ತುವಿಗೆ ಆ ಶಕ್ತಿ ಅದೇ ತೂಕದ ಕೆಯೋಲಿನೈಟಿಗಿಂತ ಹತ್ತು ಪಟ್ಟಿಗೂ ಹೆಚ್ಚು. ಆದ್ದರಿಂದ ಇಂತಹ ಮಣ್ಣಿನಲ್ಲಿ ಫಲವತ್ತತೆ ಎಂದರೆ ಬಹುಮಟ್ಟಿಗೆ ಸಾವಯವ ಇಂಗಾಲವೇ. ಮೇಲಿನ ಒಂದು ಗೇಣು ಮಣ್ಣು ಹೋದರೆ ಕೆಳಗೆ ಸಿಗುವುದು ಜಂಬಿಟ್ಟಿಗೆ. ಅದರ ಮೇಲೆ ಮುಗಿಲೆತ್ತರದ ಕಾಡು ತಾನಾಗಿ ಮತ್ತೆ ಏಳುವುದಿಲ್ಲ. ಬಯಲುಸೀಮೆಯ ಎರೆಮಣ್ಣಿನ ಜೇಡಿ ತಾನೇ ಪೋಷಕಾಂಶಗಳನ್ನು ಹಿಡಿದಿಡಬಲ್ಲುದು. ಅಲ್ಲಿ ಇಂಗಾಲ ಕಡಿಮೆಯಾದಾಗ ಮೊದಲು ಕೆಡುವುದು ಮಣ್ಣಿನ ರಚನೆ: ಮೇಲ್ಪದರ ಹೆಪ್ಪುಗಟ್ಟಿ, ಮಳೆನೀರು ಇಂಗದೆ ಹರಿದುಹೋಗುತ್ತದೆ.

ನೀರಿನ ಸಂಬಂಧವನ್ನು ಸ್ವಲ್ಪ ಎಚ್ಚರದಿಂದ ಹೇಳಬೇಕು. ಮಣ್ಣಿನ ಇಂಗಾಲ ಶೇ. 1ರಷ್ಟು ಹೆಚ್ಚಿದರೆ ಎಕರೆಗೆ ಇಷ್ಟು ಲಕ್ಷ ಲೀಟರ್ ನೀರು ಹೆಚ್ಚಾಗಿ ನಿಲ್ಲುತ್ತದೆ ಎಂಬ ಮಾತು ಕೃಷಿ ಪ್ರಚಾರ ಸಾಹಿತ್ಯದಲ್ಲಿ ಹರಡಿಕೊಂಡಿದೆ. ಪ್ರಯೋಗಗಳ ಫಲಿತಾಂಶ ಅಷ್ಟು ದೊಡ್ಡದಲ್ಲ. ಮರಳುಮಿಶ್ರಿತ ಮಸಾರಿ ಮಣ್ಣಿನಲ್ಲಿ ಲಾಭ ಗಣನೀಯ, ಜೇಡಿಮಣ್ಣಿನಲ್ಲಿ ಅಲ್ಪ. ಕಾಡಿನಲ್ಲಿ ಇಂಗಾಲದ ದೊಡ್ಡ ಉಪಕಾರ ನೀರನ್ನು ಹಿಡಿದಿಡುವುದಕ್ಕಿಂತ ಅದನ್ನು ಒಳಕ್ಕೆ ಬಿಟ್ಟುಕೊಳ್ಳುವುದರಲ್ಲಿದೆ. ತರಗೆಲೆಯ ಹೊದಿಕೆ ಮಳೆಹನಿಯ ಹೊಡೆತವನ್ನು ತಡೆಯುತ್ತದೆ. ಎರೆಹುಳು, ಗೆದ್ದಲು ಮತ್ತು ಸತ್ತ ಬೇರುಗಳು ಬಿಟ್ಟ ಕೊಳವೆಗಳ ಮೂಲಕ ನೀರು ಆಳಕ್ಕೆ ಇಳಿಯುತ್ತದೆ. ಬೆಳಗಾವಿಯಲ್ಲಿರುವ ರಾಷ್ಟ್ರೀಯ ಜಲವಿಜ್ಞಾನ ಸಂಸ್ಥೆಯ ಪ್ರಾದೇಶಿಕ ಕೇಂದ್ರದ ಸಂಶೋಧಕರೂ ಸೇರಿ ಉತ್ತರ ಕನ್ನಡದಲ್ಲಿ ನಡೆಸಿದ ಅಧ್ಯಯನಗಳು, ಸಹಜ ಕಾಡಿನ ಮೇಲ್ಮಣ್ಣು ನೀರನ್ನು ಒಳಬಿಡುವ ವೇಗ ಹಾಳಾದ ಕಾಡಿಗಿಂತ ಹೆಚ್ಚು ಎಂದು ತೋರಿಸಿವೆ.

ಮಲೆನಾಡು: ಸೊಪ್ಪಿನ ಬೆಟ್ಟ, ಕಾನು, ಹುಲ್ಲುಗಾವಲು

ಕಾಡಿನ ಇಂಗಾಲವನ್ನು ಮನುಷ್ಯ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವ ವ್ಯವಸ್ಥೆಗೆ ಮಲೆನಾಡಿನ ಸೊಪ್ಪಿನ ಬೆಟ್ಟ ಒಂದು ಸ್ಪಷ್ಟ ಉದಾಹರಣೆ. ಉತ್ತರ ಕನ್ನಡ ಜಿಲ್ಲೆಯಲ್ಲಿ ಅಡಿಕೆ ಬೆಳೆಗಾರರಿಗೆ ಬ್ರಿಟಿಷರ ಕಾಲದಿಂದ ಒಂದು ಎಕರೆ ತೋಟಕ್ಕೆ ಗರಿಷ್ಠ 9 ಎಕರೆಯಂತೆ ಬೆಟ್ಟವನ್ನು ಬಿಟ್ಟುಕೊಡಲಾಗಿತ್ತು. ಬೆಳೆಗಾರರು ಅಲ್ಲಿಂದ ಹಸಿಸೊಪ್ಪು ಕಡಿದು, ಒಣ ದರಕನ್ನು ಗುಡಿಸಿ ತಂದು ಕೊಟ್ಟಿಗೆಗೆ ಹಾಸಿ, ಗೊಬ್ಬರವಾದ ಮೇಲೆ ತೋಟಕ್ಕೆ ಹಾಕುತ್ತಾರೆ. ತೋಟದ ಮಣ್ಣು ತಲೆಮಾರುಗಳ ಕಾಲ ಕಪ್ಪಾಗಿ, ಮೆದುವಾಗಿ ಉಳಿದದ್ದು ಈ ಕ್ರಮದಿಂದ. ಆ ಇಂಗಾಲ ಬಂದದ್ದು ಬೆಟ್ಟದಿಂದ. ಮಿತವಾಗಿ ಸೊಪ್ಪು ಕಡಿದು, ಮರಗಳಿಗೆ ವಿರಾಮ ಕೊಟ್ಟು ನೋಡಿಕೊಂಡ ಬೆಟ್ಟಗಳು ಇಂದಿಗೂ ಹಸಿರಾಗಿವೆ. ಪ್ರತಿವರ್ಷ ಎಲ್ಲ ಮರಗಳ ತಲೆ ಸವರಿ, ನೆಲವನ್ನು ಪೂರ್ತಿ ಗುಡಿಸಿದ ಬೆಟ್ಟಗಳಲ್ಲಿ ಜಂಬಿಟ್ಟಿಗೆ ಮೇಲೆದ್ದಿದೆ. ಸೊಪ್ಪಿನ ಬೆಟ್ಟದ ಒಳಿತು ಕೆಡುಕಿನ ಚರ್ಚೆಯಲ್ಲಿ ಮರಗಳ ಸಂಖ್ಯೆಯ ಮಾತೇ ಹೆಚ್ಚು ಬರುತ್ತದೆ. ವರ್ಷಕ್ಕೆ ಎಷ್ಟು ದರಕು ನೆಲದ ಮೇಲೆ ಉಳಿಯುತ್ತದೆ ಎಂಬುದು ಅದಕ್ಕಿಂತ ಮುಖ್ಯವಾದ ಪ್ರಶ್ನೆ.

ಸೊರಬ, ಸಾಗರ, ಸಿದ್ದಾಪುರ, ಶಿರಸಿ ತಾಲ್ಲೂಕುಗಳ ಕಾನುಗಳು ಇದಕ್ಕೆ ವ್ಯತಿರಿಕ್ತ. ದೇವರ ಹೆಸರಿನಲ್ಲಿ ರಕ್ಷಿತವಾಗಿದ್ದ ಈ ನಿತ್ಯಹರಿದ್ವರ್ಣ ತುಂಡುಗಳಿಂದ ಕಾಳುಮೆಣಸು, ಬೈನೆಯ ಉತ್ಪನ್ನಗಳನ್ನು ಪಡೆಯುತ್ತಿದ್ದರೇ ಹೊರತು ನೆಲವನ್ನು ಬರಿದು ಮಾಡುತ್ತಿರಲಿಲ್ಲ. ಸೊರಬದ ಕಾನುಗಳ ಬಗ್ಗೆ ಬ್ರಾಂಡಿಸ್ ಮತ್ತು ಗ್ರಾಂಟ್ 1868ರಲ್ಲಿಯೇ ವರದಿ ಬರೆದಿದ್ದರು. ಕಾನು ಇದ್ದಲ್ಲಿ ಊಟೆ ಮತ್ತು ಹಳ್ಳಗಳು ಬತ್ತುವುದಿಲ್ಲ ಎಂಬುದನ್ನು 19ನೇ ಶತಮಾನದ ಅಧಿಕಾರಿಗಳೂ ಗುರುತಿಸಿದ್ದರು.

ಘಟ್ಟದ ನೆತ್ತಿಯ ಹುಲ್ಲುಗಾವಲುಗಳನ್ನು ಬಂಜರು ಎಂದು ಎಣಿಸಿದ್ದು ಹಳೆಯ ಅರಣ್ಯಾಡಳಿತದ ದೊಡ್ಡ ತಪ್ಪು. ಕುದುರೆಮುಖ ಮತ್ತು ನೀಲಗಿರಿಯ ಎತ್ತರದ ಪ್ರದೇಶಗಳಲ್ಲಿ ಕಣಿವೆಗಳಲ್ಲಿ ಶೋಲಾ ಕಾಡು, ಇಳಿಜಾರುಗಳಲ್ಲಿ ಹುಲ್ಲು ಇರುವ ವಿನ್ಯಾಸ ಸಹಜವಾದದ್ದು. ತಂಪು ಹವೆಯಲ್ಲಿ ಕೊಳೆಯುವಿಕೆ ನಿಧಾನವಾಗುವುದರಿಂದ ಹುಲ್ಲಿನ ದಟ್ಟ ಬೇರುಗಳು ಬಿಟ್ಟ ಇಂಗಾಲ ಅಲ್ಲಿ ದಪ್ಪನೆಯ ಕಪ್ಪು ಪದರವಾಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಸಹೋದ್ಯೋಗಿಗಳು ನೀಲಗಿರಿಯ ಜೌಗು ತಗ್ಗುಗಳ ಪೀಟ್ ಪದರಗಳನ್ನು ಪರೀಕ್ಷಿಸಿ 1993ರಲ್ಲಿ ನೇಚರ್ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಮರಗಳೂ ಉಷ್ಣವಲಯದ ಹುಲ್ಲುಗಳೂ ಇಂಗಾಲದ ಭಾರವಾದ ಐಸೋಟೋಪನ್ನು ಬೇರೆ ಬೇರೆ ಪ್ರಮಾಣದಲ್ಲಿ ಹೀರುವುದರಿಂದ, ಯಾವ ಕಾಲದಲ್ಲಿ ಹುಲ್ಲು ಹಬ್ಬಿತ್ತು, ಯಾವಾಗ ಕಾಡು ಬೆಳೆದಿತ್ತು ಎಂಬುದನ್ನು ಆ ಪದರಗಳಿಂದ ಓದಬಹುದಾಗಿತ್ತು. ದಾಖಲೆ ಸುಮಾರು 20,000 ವರ್ಷ ಹಿಂದಕ್ಕೆ ಹೋಗುತ್ತದೆ. ಮನುಷ್ಯರು ಕಾಡು ಕಡಿದು ಹುಲ್ಲುಗಾವಲು ಮಾಡಿದರು ಎಂಬ ವಾದ ಇದರ ಮುಂದೆ ನಿಲ್ಲುವುದಿಲ್ಲ.

ಘಟ್ಟದಿಂದ ಕೊಪ್ಪಳಕ್ಕೆ

ತುಂಗೆ ಮತ್ತು ಭದ್ರೆ ಕುದುರೆಮುಖ ಶ್ರೇಣಿಯ ಗಂಗಾಮೂಲದಲ್ಲಿ ಹುಟ್ಟಿ, ಶಿವಮೊಗ್ಗ ಸಮೀಪದ ಕೂಡಲಿಯಲ್ಲಿ ಸೇರಿ, ಕೊಪ್ಪಳ ಜಿಲ್ಲೆಯ ಮುನಿರಾಬಾದಿನ ಬಳಿ ತುಂಗಭದ್ರಾ ಜಲಾಶಯದಲ್ಲಿ ನಿಲ್ಲುತ್ತವೆ. 1953ರಲ್ಲಿ ಪೂರ್ಣಗೊಂಡ ಈ ಅಣೆಕಟ್ಟಿನ ಎಡದಂಡೆ ಕಾಲುವೆಯ ನೀರೇ ಗಂಗಾವತಿ ತಾಲ್ಲೂಕಿನ ಮರಳಿ ಮೊದಲಾದ ಕಡೆಗಳ ಭತ್ತದ ಗದ್ದೆಗಳಿಗೆ ಆಧಾರ. ಕೊಪ್ಪಳದ ಸರಾಸರಿ ವಾರ್ಷಿಕ ಮಳೆ ಸುಮಾರು 600 ಮಿ.ಮೀ.; ನದಿಯ ಮೇಲ್ಭಾಗದ ಆಗುಂಬೆಯಲ್ಲಿ 7,000 ಮಿ.ಮೀ.ಗೂ ಮಿಗಿಲು. ಗಂಗಾವತಿಯ ಭತ್ತವು ಒಂದರ್ಥದಲ್ಲಿ ಮಲೆನಾಡಿನ ಮಳೆಯ ಬೆಳೆ.

ಆ ಮಳೆ ಕಾಡಿನ ಮಣ್ಣಿನೊಳಗೆ ಇಳಿದು ನಿಧಾನವಾಗಿ ಹೊರಬಂದರೆ ತಿಳಿನೀರಾಗಿ ಬರುತ್ತದೆ; ಮೇಲೆಯೇ ಹರಿದರೆ ಮಣ್ಣನ್ನೂ ಅದರ ಇಂಗಾಲವನ್ನೂ ಹೊತ್ತು ತರುತ್ತದೆ. ಕೊಚ್ಚಿಹೋಗುವುದು ಮೊದಲು ಮೇಲ್ಪದರದ ಹಗುರವಾದ, ಇಂಗಾಲ ಹೆಚ್ಚಿರುವ ಕಣಗಳು. ತುಂಗಭದ್ರಾ ಜಲಾಶಯ ಕಟ್ಟಿದಾಗ ಅದರ ಸಾಮರ್ಥ್ಯ ಸುಮಾರು 133 ಟಿಎಂಸಿ ಇತ್ತು. ಹೂಳು ತುಂಬಿದ್ದರಿಂದ ಅದು ಸುಮಾರು 105 ಟಿಎಂಸಿಗೆ ಇಳಿದಿದೆ. ಈ ಹೂಳೆಲ್ಲವೂ ಕಾಡಿನದ್ದಲ್ಲ. ಜಲಾನಯನ ಪ್ರದೇಶದ ಹೊಲ, ಗಣಿ, ರಸ್ತೆ, ನದಿದಂಡೆಗಳ ಪಾಲೂ ಇದೆ. ಭದ್ರೆಯ ಮೇಲ್ಭಾಗದಲ್ಲಿದ್ದ ಕುದುರೆಮುಖದ ಕಬ್ಬಿಣದ ಅದಿರು ಗಣಿಗಾರಿಕೆ ಸರ್ವೋಚ್ಚ ನ್ಯಾಯಾಲಯದ 2002ರ ಆದೇಶದಂತೆ 2005ರ ಕೊನೆಗೆ ನಿಂತಿತು; ಅದರ ಚರ್ಚೆಯಲ್ಲಿ ನದಿಗೆ ಸೇರುತ್ತಿದ್ದ ಹೂಳು ಒಂದು ಮುಖ್ಯ ವಿಷಯವಾಗಿತ್ತು.

ಕೊಪ್ಪಳ ಜಿಲ್ಲೆಯ ಸ್ವಂತ ಕಾಡು ಅಲ್ಪ. ಕರ್ನಾಟಕದಲ್ಲಿ ಅರಣ್ಯ ಅತಿ ಕಡಿಮೆಯಿರುವ ಜಿಲ್ಲೆಗಳಲ್ಲಿ ಇದೂ ಒಂದು. ಆನೆಗೊಂದಿಯ ಸುತ್ತಲಿನ ಬಂಡೆಗುಡ್ಡಗಳು, ಗಂಗಾವತಿ ತಾಲ್ಲೂಕಿನಲ್ಲಿ ತೋಳಗಳ ನೆಲೆಯಾದ ಬಂಕಾಪುರದ ಕುರುಚಲು ಕಾಡು, ಕುಷ್ಟಗಿ ಮತ್ತು ಯಲಬುರ್ಗಾ ಕಡೆಯ ಹುಲ್ಲುಬಯಲುಗಳು ಇಲ್ಲಿನ ಸಹಜ ಸಸ್ಯಸಂಪತ್ತು. ತುಗ್ಗಲಿ, ಜಾಲಿ, ಬೇವು, ಬಂದರೆ, ತಂಗಡಿ ಮುಂತಾದವು ಸಾಮಾನ್ಯ ಗಿಡಗಳು. ಬಂಡೆಯ ಸಂದುಗಳಲ್ಲಿ ತೆಳುವಾಗಿ ಕೂತ ಮಣ್ಣಿನಲ್ಲಿ ಹೆಕ್ಟೇರುವಾರು ಇಂಗಾಲ ಮಲೆನಾಡಿಗೆ ಹೋಲಿಸಿದರೆ ಕಡಿಮೆಯೇ. ಆದರೆ ಆ ಅಲ್ಪ ಇಂಗಾಲದ ಮೇಲೆ ಇಲ್ಲಿನ ಬದುಕು ನಿಂತಿರುವ ಪ್ರಮಾಣ ಹೆಚ್ಚು. ಪೊದೆಯೊಂದರ ಬುಡದಲ್ಲಿ ಎಲೆ, ಹಿಕ್ಕೆ, ಗಾಳಿ ತಂದ ಧೂಳು ಸೇರಿ ಪುಟ್ಟ ಫಲವತ್ತಾದ ತಾಣವಾಗುತ್ತದೆ, ಹೊಸ ಸಸಿ ಮೊಳೆಯುವುದು ಹೆಚ್ಚಾಗಿ ಅಲ್ಲಿಯೇ. ಸೌದೆಗಾಗಿ ಪೊದೆಯನ್ನು ಬುಡಸಮೇತ ಕಿತ್ತರೆ ಆ ತಾಣವೂ ಅಳಿಯುತ್ತದೆ. ಮೇಲೆ ಕಡಿದು ಬೇರು ಬಿಟ್ಟರೆ ತುಗ್ಗಲಿಯಂತಹ ಗಿಡ ಮತ್ತೆ ಚಿಗುರುತ್ತದೆ, ಮಣ್ಣಿನ ಇಂಗಾಲವೂ ಬಹುಮಟ್ಟಿಗೆ ಉಳಿಯುತ್ತದೆ.

ನಿರವಯವ ಇಂಗಾಲ ಈ ಸೀಮೆಯ ಇನ್ನೊಂದು ವಿಶೇಷ. ಎರೆಹೊಲದಲ್ಲಿ ಬಾವಿ ತೋಡಿದಾಗ ಸಿಗುವ ಬಿಳಿಯ ಸುಣ್ಣದ ಹರಳುಗಳು ಕ್ಯಾಲ್ಸಿಯಂ ಕಾರ್ಬೊನೇಟ್. ಮಳೆ ಕಡಿಮೆ, ಆವಿಯಾಗುವಿಕೆ ಹೆಚ್ಚು ಇರುವಲ್ಲಿ ಮಣ್ಣಿನ ನೀರಿನಲ್ಲಿ ಕರಗಿದ ಸುಣ್ಣ ತೊಳೆದುಹೋಗದೆ ಅಲ್ಲಿಯೇ ಗಟ್ಟಿಯಾಗುತ್ತದೆ. ಮಣ್ಣಿನ ಮೇಲೆ ಕೆಲವು ಹನಿ ತೆಳು ಆಮ್ಲ ಹಾಕಿದಾಗ ನೊರೆಯುಕ್ಕಿದರೆ ಕಾರ್ಬೊನೇಟ್ ಇದೆಯೆಂದು ತಿಳಿಯಬಹುದು. ಶಾಲೆಯ ಪ್ರಯೋಗಾಲಯದಲ್ಲಿಯೂ ಇದನ್ನು ಮಾಡಬಹುದು. ವಾಕ್ಲಿ–ಬ್ಲ್ಯಾಕ್ ವಿಧಾನ ಈ ಇಂಗಾಲವನ್ನು ಅಳೆಯುವುದಿಲ್ಲ. ಇದು ಮಣ್ಣಿನ ಜೀವಿಗಳಿಗೆ ಆಹಾರವೂ ಅಲ್ಲ. ಒಟ್ಟು ಇಂಗಾಲ ಹೆಚ್ಚಿದೆ ಎಂಬ ಕಾರಣಕ್ಕೆ ಒಣನಾಡಿನ ಮಣ್ಣನ್ನು ಆರೋಗ್ಯವಂತ ಎನ್ನಲಾಗದು.

ಕಾಲುವೆಯ ಕೆಳಗಿನ ಕೆಲವು ಜಮೀನುಗಳು ಸವಳು ಜವಳಿನಿಂದ ಕೆಟ್ಟಿವೆ. ಸೋಡಿಯಂ ಹೆಚ್ಚಾದಾಗ ಜೇಡಿಕಣಗಳು ಚದುರಿ, ಉಂಡೆಗಟ್ಟಿದ ರಚನೆ ಒಡೆದು, ಅದರೊಳಗೆ ರಕ್ಷಿತವಾಗಿದ್ದ ಸಾವಯವ ವಸ್ತು ಬಯಲಿಗೆ ಬೀಳುತ್ತದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರವು ಲವಣಪೀಡಿತ ಮಣ್ಣಿನ ಅಖಿಲ ಭಾರತ ಸಂಶೋಧನಾ ಯೋಜನೆಯ ಕೇಂದ್ರಗಳಲ್ಲಿ ಒಂದು. ಇಂತಹ ನೆಲದಲ್ಲಿಯೂ ಬೆಳೆಯುವ ಬಳ್ಳಾರಿ ಜಾಲಿಯ ವಿಷಯದಲ್ಲಿ ಅಭಿಪ್ರಾಯಗಳು ಎರಡಾಗಿವೆ. ಅದು ಸಾರಜನಕವನ್ನು ಸ್ಥಿರೀಕರಿಸಿ, ಎಲೆ ಉದುರಿಸಿ ಕ್ಷಾರಮಣ್ಣಿನ ಇಂಗಾಲವನ್ನು ಹೆಚ್ಚಿಸುತ್ತದೆ ಎಂಬುದು ನಿಜ. ಹುಲ್ಲುಬಯಲನ್ನು ಆಕ್ರಮಿಸಿ ತೋಳ ಮತ್ತು ಕೃಷ್ಣಮೃಗದ ನೆಲೆಯನ್ನು ಕುಗ್ಗಿಸುತ್ತದೆ ಎಂಬುದೂ ನಿಜ. ಬೇರೇನೂ ಬೆಳೆಯದ ಕರಲು ನೆಲದಲ್ಲಿ ಅದನ್ನು ಸಹಿಸಬಹುದು. ಹುಲ್ಲುಬಯಲಿನಲ್ಲಿ ಇಂಗಾಲದ ನೆಪದಿಂದ ಅದನ್ನು ಸಮರ್ಥಿಸುವುದು ಕಷ್ಟ.

ಬೆಂಕಿ

ಕಾಳ್ಗಿಚ್ಚು ಮಣ್ಣಿನ ಇಂಗಾಲವನ್ನೆಲ್ಲ ಸುಡುತ್ತದೆ ಎಂಬುದು ಪೂರ್ತಿ ಸರಿಯಲ್ಲ. ಮಣ್ಣು ಶಾಖವನ್ನು ಚೆನ್ನಾಗಿ ಸಾಗಿಸುವುದಿಲ್ಲ. ವೇಗವಾಗಿ ಹಾದುಹೋಗುವ ನೆಲಬೆಂಕಿಯಲ್ಲಿ ಕೆಲವು ಸೆಂಟಿಮೀಟರ್ ಕೆಳಗೆ ಉಷ್ಣತೆ ಹೆಚ್ಚು ಏರುವುದಿಲ್ಲ. ಸುಡುವುದು ತರಗೆಲೆಯ ಹೊದಿಕೆ. ಅದರಲ್ಲಿ ಸ್ವಲ್ಪ ಇದ್ದಿಲಾಗಿ ಬಹುಕಾಲ ಉಳಿಯುತ್ತದೆ. ನಿಜವಾದ ಹಾನಿ ಮುಂದಿನ ಮೊದಲ ಮಳೆಯಲ್ಲಿ, ಹೊದಿಕೆಯಿಲ್ಲದ ನೆಲ ಕೊಚ್ಚಿಹೋದಾಗ ಆಗುತ್ತದೆ. ಬೆಂಕಿ ವರ್ಷವರ್ಷವೂ ಮರುಕಳಿಸಿದರೆ ಮಣ್ಣಿಗೆ ಹೊಸ ಇಂಗಾಲವೇ ಸೇರುವುದಿಲ್ಲ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಬೇಸಿಗೆಯ ಆರಂಭದಲ್ಲಿಯೇ ತರಗು ಬೆಂಕಿ ಹಾಕುತ್ತಿದ್ದರು. ಇನ್ನೂ ತೇವವಿರುವ ತರಗು ನಿಧಾನವಾಗಿ, ಕಡಿಮೆ ಎತ್ತರದ ಜ್ವಾಲೆಯಲ್ಲಿ ಉರಿಯುತ್ತಿತ್ತು. ವನ್ಯಜೀವಿ ಕಾನೂನುಗಳಡಿ ಇದು ನಿಂತ ಮೇಲೆ ಲಂಟಾನ ಹಬ್ಬಿತು, ಅದು ಒಣಗಿ ಬೆಂಕಿ ಹೆಚ್ಚು ತೀವ್ರವಾಯಿತು ಎಂಬುದು ಸೋಲಿಗರ ಅನುಭವ; ಹಲವು ಪರಿಸರ ವಿಜ್ಞಾನಿಗಳೂ ಇದನ್ನು ಒಪ್ಪುತ್ತಾರೆ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಸುಟ್ಟಾಗ ಈ ಚರ್ಚೆ ಮತ್ತೆ ಮುನ್ನೆಲೆಗೆ ಬಂದಿತು.

ನೆಡುತೋಪು ಮತ್ತು ಭೂಬಳಕೆಯ ಬದಲಾವಣೆ

ಗುವೊ ಮತ್ತು ಗಿಫರ್ಡ್ 2002ರಲ್ಲಿ ಪ್ರಪಂಚದ ಹಲವು ಕಡೆಯ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸಹಜ ಕಾಡು ಹೊಲವಾದಲ್ಲಿ ಮಣ್ಣಿನ ಇಂಗಾಲ ಸರಾಸರಿ ಶೇ. 42ರಷ್ಟು, ನೆಡುತೋಪಾದಲ್ಲಿ ಶೇ. 13ರಷ್ಟು ಕುಗ್ಗಿತ್ತು. ಹುಲ್ಲುಗಾವಲನ್ನು ನೆಡುತೋಪು ಮಾಡಿದಲ್ಲಿಯೂ ಶೇ. 10ರಷ್ಟು ನಷ್ಟವಾಗಿತ್ತು. ಹೊಲವನ್ನು ತಾನಾಗಿ ಕಾಡಾಗಲು ಬಿಟ್ಟಲ್ಲಿ ಶೇ. 53ರಷ್ಟು ಏರಿಕೆ ಕಂಡಿತು. ಸರಾಸರಿಗಳಾದ್ದರಿಂದ ಒಂದೊಂದು ಜಾಗದ ಕಥೆ ಬೇರೆಯಿರಬಹುದು. ಗುಂಡಿ ತೋಡುವಾಗ, ನೆಲವನ್ನು ಉಳುವಾಗ ಹಳೆಯ ಇಂಗಾಲ ಗಾಳಿಗೆ ತೆರೆದುಕೊಳ್ಳುತ್ತದೆ ಎಂಬುದು ಮಾತ್ರ ಎಲ್ಲೆಡೆಯೂ ಒಂದೇ. ಕರಾವಳಿ ಮತ್ತು ಮಲೆನಾಡಿನಲ್ಲಿ ವ್ಯಾಪಕವಾಗಿ ನೆಟ್ಟ ಅಕೇಶಿಯಾ ಬೇಗ ಬೆಳೆದು ಕಾಂಡದಲ್ಲಿ ಇಂಗಾಲ ತುಂಬಿಕೊಳ್ಳುತ್ತದೆ, ಆದರೆ ಕೆಲವೇ ವರ್ಷಗಳಲ್ಲಿ ಕಟಾವಾದಾಗ ಆ ಲೆಕ್ಕ ಮುಗಿಯುತ್ತದೆ. ಸಹಜ ಕಾಡಿನ ಮಣ್ಣಿನ ಸಂಗ್ರಹಕ್ಕೆ ಇದು ಬದಲಿಯಾಗಲಾರದು.

ತಾಪಮಾನ ಏರಿಕೆ

ಸೂಕ್ಷ್ಮಜೀವಿಗಳ ಉಸಿರಾಟ ಉಷ್ಣತೆ 10 ಡಿಗ್ರಿ ಏರಿದಾಗ ಸ್ಥೂಲವಾಗಿ ಎರಡು ಪಟ್ಟಾಗುತ್ತದೆ. ಪನಾಮಾದ ಬಾರೋ ಕೊಲೊರಾಡೊ ದ್ವೀಪದಲ್ಲಿ ಕಾಡಿನ ಮಣ್ಣನ್ನು ಎರಡು ವರ್ಷ 4 ಡಿಗ್ರಿ ಬಿಸಿಯಾಗಿಟ್ಟು ನೋಡಿದಾಗ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆ ಶೇ. 55ರಷ್ಟು ಹೆಚ್ಚಿತು ಎಂದು 2020ರಲ್ಲಿ ವರದಿಯಾಯಿತು. ಉಷ್ಣವಲಯದ ಮಣ್ಣು ತಾಪಮಾನ ಏರಿಕೆಗೆ ಅಷ್ಟಾಗಿ ಸ್ಪಂದಿಸುವುದಿಲ್ಲ ಎಂಬ ಹಿಂದಿನ ನಂಬಿಕೆಗೆ ಇದು ಪೆಟ್ಟು ಕೊಟ್ಟಿತು. ಭೂಮಿಯ ಮಣ್ಣಿನ ಮೇಲಿನ ಒಂದು ಮೀಟರಿನಲ್ಲಿ ಸುಮಾರು 1,500 ಶತಕೋಟಿ ಟನ್ ಸಾವಯವ ಇಂಗಾಲವಿದೆ. ವಾಯುಮಂಡಲದಲ್ಲಿರುವುದಕ್ಕಿಂತ ಇದು ಹೆಚ್ಚು. ಇದರಲ್ಲಿ ಸಣ್ಣ ಪಾಲು ಹೊರಬಂದರೂ ಪರಿಣಾಮ ದೊಡ್ಡದು.

ಭಾರತೀಯ ಅರಣ್ಯ ಸಮೀಕ್ಷೆಯ ಲೆಕ್ಕ ಮೇಲಿನ 30 ಸೆಂ.ಮೀ. ಮಣ್ಣಿಗೆ ಸೀಮಿತವಾಗಿದೆ. ಅದಕ್ಕೂ ಕೆಳಗೆ ಮಲೆನಾಡಿನ ಆಳವಾದ ಕೆಂಪುಮಣ್ಣಿನಲ್ಲಿ ಬೇರುಗಳು ಬಿಟ್ಟ ಇಂಗಾಲವಾಗಲಿ, ಬಯಲುಸೀಮೆಯ ಎರೆಮಣ್ಣಿನ ಸುಣ್ಣದ ಹರಳುಗಳಾಗಲಿ ಆ ಲೆಕ್ಕದಲ್ಲಿ ಸೇರಿಲ್ಲ.